ಅತ್ತೆಯ ಕಳ್ಳಿಗೆ ನಾಲ್ವರ ನೀರು

ಕೈಯಲ್ಲಿ ಒಂದು ಚೊಂಬು ನೀರಿದ್ದರೆ ಅದನ್ನು ಯಾರಿಗಾದರೂ ಕೊಡದೆ ಸುಮ್ಮನಿರಲು ನನಗೆ ಬರುವುದಿಲ್ಲ. ಮನೆಗೆ ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ನೀರಿನ ಲೋಟ ಅವರ ಮುಂದಿರುತ್ತದೆ. ಕೊರಿಯರ್ ತಂದವನು ಗಡಿಬಿಡಿಯಲ್ಲಿದ್ದರೂ ನಾನು ಬಿಡುವುದಿಲ್ಲ. ಅವನು ಒಂದು ಕೈಯಲ್ಲಿ ನನ್ನ ಸಹಿಗಾಗಿ ಮೊಬೈಲು, ಇನ್ನೊಂದು ಕೈಯಲ್ಲಿ ನನ್ನ ಲೋಟ ಹಿಡಿದು ಮೆಟ್ಟಿಲ ಮೇಲೆ ಪೇಚಾಡುತ್ತಾನೆ. ನಾನು ಬಾಗಲಕೋಟೆ ಕಡೆಯವಳು. ಬೇಸಿಗೆಯಲ್ಲಿ ಊರಿಗೆ ಊರೇ ಕೊಡ ಹಿಡಿದು ನಿಲ್ಲುತ್ತಿದ್ದ ಕಾಲದಲ್ಲಿ ಬೆಳೆದವಳು. ಅಲ್ಲಿ ಬಂದವರಿಗೆ ನೀರು ಕೊಡುವುದೆಂದರೆ ಮನೆಯಲ್ಲಿದ್ದ ಒಡವೆ ತೆಗೆದು ಮುಂದಿಟ್ಟ ಹಾಗೆ. ಈ ಗುಣ ಮನುಷ್ಯರ ಮಟ್ಟಿಗೆ ಒಳ್ಳೆಯದೇ. ಗಿಡಗಳ ಮಟ್ಟಿಗೆ, ಅದರಲ್ಲೂ ಕಳ್ಳಿಗಿಡದ ಮಟ್ಟಿಗೆ, ಅಷ್ಟು ಒಳ್ಳೆಯದಲ್ಲ ಎಂದು ತಿಳಿಯಲು ನನಗೆ ಐವತ್ತು ದಾಟಬೇಕಾಯಿತು.

ಈ ಗಿಡಕ್ಕೆ ನಮ್ಮ ಭಾಷೆ ಸ್ವಲ್ಪ ಅನ್ಯಾಯವನ್ನೇ ಮಾಡಿದೆ. ಕದಿಯುವವನು ಕಳ್ಳ, ಕದಿಯುವವಳು ಕಳ್ಳಿ, ಪಾಪ, ಮೂಲೆಯಲ್ಲಿ ತನ್ನ ಪಾಡಿಗೆ ನಿಂತ ಗಿಡವೂ ಕಳ್ಳಿ. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ, ಬಿಬವೇವಾಡಿಯ ಇದೇ ಮೂರನೇ ಅಂತಸ್ತಿನ ಮನೆಯಲ್ಲಿ, ಒಂದು ದಿನ ನಮ್ಮ ಅತ್ತೆ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನಿಂತು, “ನನ್ನ ಕಳ್ಳಿನ್ನ ಯಾರು ಮುಟ್ಟ್ಯಾರ?” ಎಂದು ಜೋರಾಗಿ ಕೇಳಿದರು. ಗ್ಯಾಲರಿಗೆ ಯಾವಳೋ ಕಳ್ಳಿ ಹತ್ತಿ ಬಂದಿದ್ದಾಳೆ, ಅತ್ತೆ ಅವಳನ್ನು ಹಿಡಿದು ನಿಲ್ಲಿಸಿದ್ದಾರೆ ಎಂದುಕೊಂಡು ನಾನು ಲಟ್ಟಣಿಗೆ ಸಮೇತ ಓಡಿಹೋದೆ. ಅತ್ತೆ ನನ್ನನ್ನೂ ಲಟ್ಟಣಿಗೆಯನ್ನೂ ನೋಡಿ, ಅಲ್ಲೇ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಆ ಮನೆಯವಳಾದದ್ದು ಮದುವೆಯ ದಿನವಲ್ಲ, ಅವತ್ತು.

ತಿಳಿದವರು ಹೇಳುತ್ತಾರೆ, ನಮ್ಮ ಹೊಲದ ಬೇಲಿಯ ಕಳ್ಳಿಗಳಲ್ಲಿ ಹೆಚ್ಚಿನವು ನಿಜವಾದ ಕ್ಯಾಕ್ಟಸ್ ಅಲ್ಲವಂತೆ. ಚುಚ್ಚಿದರೆ ಹಾಲು ಸುರಿಸುವ ಕಳ್ಳಿ ನಮ್ಮ ನೆಲದ್ದು. ಹಾಲಿಲ್ಲದೆ ಬರೀ ನೀರು ತುಂಬಿಕೊಂಡು ನಿಂತದ್ದು ಸಮುದ್ರ ದಾಟಿ ಬಂದದ್ದು. ಅತ್ತೆಯ ಕಳ್ಳಿ ಎರಡನೆಯ ಜಾತಿಯದು. ನೋಡಲು ನೆಟ್ಟಗೆ ನಿಲ್ಲಿಸಿದ ದಪ್ಪ ಹೀರೇಕಾಯಿಯಂತೆ, ಮೈತುಂಬ ಏಣು, ಏಣಿನ ಮೇಲೆ ಸಾಲಾಗಿ ಮುಳ್ಳು. ಅದೇನು ದುಡ್ಡು ಕೊಟ್ಟು ತಂದದ್ದಲ್ಲ. ಕೆಳಗಿನ ಮನೆಯವರು ಮನೆ ಬಿಟ್ಟು ಹೋಗುವಾಗ ಒಡೆದ ಪ್ಲಾಸ್ಟಿಕ್ ಮಗ್ಗಿನಲ್ಲಿದ್ದ ಅದನ್ನು ಕಸದ ಡಬ್ಬಿಯ ಪಕ್ಕ ಇಟ್ಟು ಹೋಗಿದ್ದರು. ತರಕಾರಿ ತರಲು ಇಳಿದ ಅತ್ತೆ ಚೀಲದಲ್ಲಿ ಮೆಂತ್ಯದ ಸೊಪ್ಪಿನ ಮೇಲೆ ಅದನ್ನೂ ಕೂರಿಸಿಕೊಂಡು ಬಂದರು.

ನಮ್ಮ ಮಾವನಿಗೆ ಅದು ಸರಿಬರಲಿಲ್ಲ. ಅವರ ಮಕ್ಕಳು ಕರೆಯುವಂತೆ ನಾನೂ ಅವರನ್ನು ‘ಅಪ್ಪಾ’ ಎನ್ನುತ್ತೇನೆ. ವಿಜಾಪುರ ಕಡೆಯಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದು, ಬಟ್ಟೆ ವ್ಯಾಪಾರಿಗಳ ಪೇಟೆಯಲ್ಲಿ ಗುಮಾಸ್ತರಾಗಿ ಜೀವ ಸವೆಸಿದವರು. ಹೊರಗೆ ಅಚ್ಚ ಮರಾಠಿ, ಹೊಸ್ತಿಲು ದಾಟಿದರೆ ಅಚ್ಚ ವಿಜಾಪುರ. ಅವರು ಕಳ್ಳಿಯನ್ನು ದೂರದಿಂದಲೇ ನೋಡಿ, “ಮನ್ಯಾಗ ಮುಳ್ಳಿನ ಗಿಡ ಇಡಬಾರ್ದು. ಜಗಳ ಆಗತಾವ” ಎಂದರಂತೆ. ಅತ್ತೆ ಮಣ್ಣು ಕಲಸುತ್ತಲೇ, “ಜಗಳ ಆಗಾಕ ಗಿಡ ಯಾಕ ಬೇಕ್ರಿ? ನೀವ ಇದ್ದೀರಲ್ಲ” ಎಂದರಂತೆ. ಗಿಡ ಉಳಿಯಿತು.

ಅತ್ತೆ ಅದನ್ನು ಸಾಕಿದ ರೀತಿ ಈಗ ನೆನೆದರೆ, ಸಾಕುವುದೆಂದರೆ ಮುಕ್ಕಾಲು ಪಾಲು ಕೈ ಕಟ್ಟಿಕೊಂಡು ಕೂರುವುದು ಎಂದು ಅನಿಸುತ್ತದೆ. ತೂತಿದ್ದ ಸಣ್ಣ ಮಣ್ಣಿನ ಕುಂಡ. ಅದರೊಳಗೆ ಮಣ್ಣಿಗಿಂತ ಮರಳು, ಇಟ್ಟಿಗೆ ಚೂರುಗಳೇ ಹೆಚ್ಚು. ಬೆಳಗಿನ ಬಿಸಿಲು ಬೀಳುವ, ಮಳೆಯ ಇರಚಲು ತಾಗದ ಮೂಲೆ. ನೀರು ಹಾಕುವ ಮೊದಲು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಕುಂಡದ ತಳದವರೆಗೆ ಚುಚ್ಚಿ ತೆಗೆಯುತ್ತಿದ್ದರು. ಕಡ್ಡಿಗೆ ಮಣ್ಣು ಅಂಟಿ ಬಂದರೆ ಅವತ್ತು ನೀರಿಲ್ಲ. ಕಡ್ಡಿ ಹೇಗೆ ಹೋಗಿತ್ತೋ ಹಾಗೇ ಒಣಗಿ ಬಂದರೆ ಮಾತ್ರ ನೀರು; ಅದೂ ಕೆಳಗಿನ ತೂತಿನಿಂದ ಸೋರುವಷ್ಟು ಹಾಕಿ, ಸೋರಿದ್ದನ್ನು ಚೆಲ್ಲಿಬಿಡಬೇಕು, ತಟ್ಟೆಯಲ್ಲಿ ನಿಲ್ಲಗೊಡಬಾರದು. ಮಳೆಗಾಲದಲ್ಲಿ ಹೆಚ್ಚುಕಡಿಮೆ ಬಂದ್. ಚಳಿಗಾಲದಲ್ಲಿ ಪೂರಾ ಬಂದ್. “ಅಷ್ಟು ದಿನ ಹೆಂಗ ಇರತದ್ರಿ ಅತ್ತಿ?” ಎಂದು ನಾನು ಮರುಗಿದರೆ, ಏಕಾದಶಿ ತಪ್ಪಿಸದ ಅತ್ತೆ, “ಅದು ನನ್ನಂಗ ಉಪಾಸದ ಗಿಡ. ಉಪಾಸ ಮಾಡೋರಿಗೆ ತಿನ್ರಿ ತಿನ್ರಿ ಅಂತ ಬೆನ್ನ ಹತ್ತಬಾರ್ದು” ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಒಂದು ದಿನ ಅದು ಹೂ ಬಿಡುತ್ತಿತ್ತು. ಬೆಳಗಾಗೆದ್ದು ಗ್ಯಾಲರಿಯ ಬಾಗಿಲು ತೆರೆದರೆ ಅಂಗೈಯಗಲದ ಬಿಳಿ ಹೂ ಉದ್ದ ತೊಟ್ಟಿನ ಮೇಲೆ ನಿಂತಿರುತ್ತಿತ್ತು. ಬಿಸಿಲೇರಿದರೆ ಬಾಡುವ ಹೂ. ಅಷ್ಟರೊಳಗೆ ಇಡೀ ಕಟ್ಟಡಕ್ಕೆ ತೋರಿಸಬೇಕೆಂದು ಅತ್ತೆ ಪ್ರತಿ ಮನೆಯ ಬಾಗಿಲು ತಟ್ಟಿ ಬರುತ್ತಿದ್ದರು. ಎದುರು ಮನೆಯ ಸುಲಭಾ ಕಾಕೂ ಎಲ್ಲರಿಗಿಂತ ಮೊದಲು, ತಲೆಗೆ ಹಚ್ಚಿದ ಎಣ್ಣೆಯೊಂದಿಗೇ ಬರುತ್ತಿದ್ದರು. ಒಳಗೆ ಚಹಾ ಕುದಿಯುತ್ತಿತ್ತು, ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಬಂದವರೆಲ್ಲ ಗ್ಯಾಲರಿಯಲ್ಲಿ ಜಾಗ ಸಾಲದೆ ಒಬ್ಬೊಬ್ಬರಾಗಿ ಸರತಿಯಲ್ಲಿ ದರ್ಶನ ಮಾಡಿ ಬರುತ್ತಿದ್ದರು. ಅಪ್ಪಾ ಮಾತ್ರ, “ಒಂದು ಹೂವಿಗೆ ಎಷ್ಟು ಗದ್ದಲಾ” ಎಂದು ಗೊಣಗುತ್ತಿದ್ದರು. ಆದರೆ ಆ ದಿನ ಬನಿಯನ್ನಿನಲ್ಲಿ ಕೂರದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಂದವರಿಗೆಲ್ಲ ಆ ಹೂ ಎಷ್ಟು ಹೊತ್ತಿಗೆ ಅರಳಲು ಶುರುವಾಯಿತು ಎಂದು ವಿವರಿಸುತ್ತಿದ್ದವರೂ ಅವರೇ.

ಒಮ್ಮೆ ನಾವೆಲ್ಲ ಊರಿಗೆ ಮದುವೆಗೆ ಹೋಗಿದ್ದೆವು. ಬೀಗದ ಕೈ ಸುಲಭಾ ಕಾಕೂ ಹತ್ತಿರ ಇತ್ತು. ಕಾಕೂ ಒಳ್ಳೆಯ ಮನಸ್ಸಿನಿಂದ ದಿನಾ ತುಳಸಿಯ ಜೊತೆ ಕಳ್ಳಿಗೂ ಒಂದು ತಂಬಿಗೆ ಹಾಕಿದ್ದರು. ನಾವು ಬರುವಷ್ಟರಲ್ಲಿ ಅದರ ಬುಡ ಮೆತ್ತಗಾಗಿತ್ತು. ಅತ್ತೆ ಕಾಕೂಗೆ ಒಂದು ಮಾತೂ ಹೇಳಲಿಲ್ಲ. ಬದಲಿಗೆ ಊರಿನಿಂದ ತಂದ ಕರದಂಟು ಕೊಟ್ಟು ಕಳಿಸಿದರು. ಕಾಕೂ ಆಚೆ ಹೋದ ಮೇಲೆ ಈಳಿಗೆ ತೆಗೆದು ಗಿಡದ ಕೊಳೆತ ಬುಡವನ್ನು ಕತ್ತರಿಸಿ, ಉಳಿದದ್ದನ್ನು ಒಣಗಿಸಿ ಮತ್ತೆ ನೆಟ್ಟರು. ನಾನು ಪಕ್ಕದಲ್ಲಿ ಕೂತು ನೋಡಿದ್ದೆ. “ಕಾಕೂಗ ಹೇಳಬೇಕಾಗಿತ್ತು” ಎಂದದ್ದಕ್ಕೆ, “ಪ್ರೀತಿಲೆ ಮಾಡ್ಯಾರ. ಪ್ರೀತಿಗೆ ಏನಂತ ಬೈಯೂದು?” ಎಂದಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ, ಸಂಕ್ರಾಂತಿ ಕಳೆದ ಕೆಲವೇ ದಿನಕ್ಕೆ ಅತ್ತೆ ತೀರಿಕೊಂಡರು. ಬಹಳ ದಿನ ಮಲಗಲಿಲ್ಲ. ಯಾರಿಂದಲೂ ಹೆಚ್ಚು ಮಾಡಿಸಿಕೊಳ್ಳದೆ ಹೋದರು.

ಅಪ್ಪಾ ಅತ್ತರು, ಬಂದವರೊಡನೆ ಮಾತಾಡಿದರು, ಕರ್ಮಗಳನ್ನೆಲ್ಲ ಕ್ರಮವಾಗಿ ಮಾಡಿದರು. ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಅವರ ಮಾತು ನಿಂತುಹೋಯಿತು. ಜಗಳವಾದರೂ ಆಡಲಿ ಎಂದು ನಾನು ಬೇಕೆಂದೇ ಸಾರಿಗೆ ಉಪ್ಪು ಕಡಿಮೆ ಹಾಕಿ ನೋಡಿದೆ. ಸುಮ್ಮನೆ ಉಂಡು ಎದ್ದರು. ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ ಶ್ರೀಧರ ಕಂಪನಿಯ ಬಸ್ಸಿಗೆಂದು ನಸುಕಿನಲ್ಲೇ ಹೊರಟರೆ ಬರುವುದು ಸಂಜೆಗೆ. ಅಪ್ಪನ ಪಕ್ಕ ಕೂತು, “ಹೆಂಗ ಅನಸ್ತದ ಅಪ್ಪಾ?” ಎಂದು ಕೇಳುತ್ತಿದ್ದರು. “ಬರೋಬರಿ ಅದ” ಎಂಬ ಎರಡು ಪದ ಬಿಟ್ಟು ಮೂರನೆಯದು ಹೊರಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಗ್ಯಾಲರಿಯಿಂದ ಅವರ ಧ್ವನಿ ಕೇಳಿಸಿತು. ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದಾರೆ ಎಂದುಕೊಂಡೆ. ಫೋನು ಒಳಗೆ ಟೀವಿಯ ಮೇಲೆಯೇ ಇತ್ತು. ಪರದೆ ಸರಿಸಿ ನೋಡಿದರೆ ಅಪ್ಪಾ ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಿ, ತಂಬಿಗೆ ಹಿಡಿದುಕೊಂಡೇ ಕಳ್ಳಿಯ ಮುಂದೆ ನಿಂತಿದ್ದರು. ಕಂಕುಳಲ್ಲಿ ಮರಾಠಿ ಪೇಪರು.

“ಉಳ್ಳಾಗಡ್ಡಿ ಮತ್ತ ಏರ್ಯಾವಂತ” ಎಂದು ಕಳ್ಳಿಗೆ ಹೇಳುತ್ತಿದ್ದರು. “ವಂದನಾ ಫೋನ್ ಮಾಡಿದ್ಲು. ಆಯ್ತವಾರ ಬರತಾಳಂತ. ಆಲಮಟ್ಟ್ಯಾಗ ನೀರು ಕಮ್ಮಿ ಆಗ್ಯದ.”

ದಿನಾ ಬೆಳಗ್ಗೆ ಅತ್ತೆ ಚಹಾ ಸೋಸುವಾಗ ಅಡುಗೆಮನೆಯ ಬಾಗಿಲಿಗೆ ಒರಗಿ ಅವರು ಓದಿ ಹೇಳುತ್ತಿದ್ದ ಸುದ್ದಿಗಳೇ ಇವು. ನಾನು ಪರದೆ ಬಿಟ್ಟು ಸದ್ದಿಲ್ಲದೆ ಹಿಂದೆ ಬಂದೆ. ಆ ಮೇಲೆ ದಿನಾ ಆ ಹೊತ್ತಿಗೆ ಗ್ಯಾಲರಿಯ ಕಡೆ ಯಾರೂ ಹೋಗದಂತೆ ನೋಡಿಕೊಂಡೆ. ಮಾತು ಮುಗಿಸಿ ಬರುವಾಗ ಅವರ ತಂಬಿಗೆ ಬರಿದಾಗಿರುತ್ತಿತ್ತು. ಅದನ್ನು ನಾನು ಗಮನಿಸಬೇಕಿತ್ತು. ಆದರೆ ಮಾತಾಡುವ ಅಪ್ಪನನ್ನು ಕಂಡ ಖುಷಿಯಲ್ಲಿ ತಂಬಿಗೆಯ ಕಡೆ ಯಾರು ನೋಡುತ್ತಾರೆ?

ಅಪ್ಪನೊಬ್ಬರೇ ಆಗಿದ್ದರೆ ಗಿಡ ತಾಳಿಕೊಳ್ಳುತ್ತಿತ್ತೇನೋ. ನಾನು ಮಧ್ಯಾಹ್ನ ಬಟ್ಟೆ ಹರವಲು ಹೋದಾಗ ಅದರ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದೆ. ಬರಿಗೈಯಲ್ಲಿ ನಿಲ್ಲುವುದು ನನಗೆ ಆಗದ ಮಾತೆಂದು ಆಗಲೇ ಹೇಳಿದೆನಲ್ಲ. ಹತ್ತಿರದ ಧನಕವಡಿಯಲ್ಲಿರುವ ನಾದಿನಿ ವಂದನಾ ಭಾನುವಾರ ಬಂದಾಗ, “ಅವ್ವನ ಗಿಡ ಚಂದ ಕುಂಡದಾಗ ಇರಲಿ ವೈನಿ” ಎಂದು ಹೊಳೆಯುವ ನೀಲಿ ಪಿಂಗಾಣಿ ಕುಂಡ ತಂದು, ಗಿಡವನ್ನು ಕಪ್ಪು ಗೊಬ್ಬರದ ಮಣ್ಣಿನಲ್ಲಿ ಹೊಸದಾಗಿ ನೆಟ್ಟಳು. ನಿಜಕ್ಕೂ ಚಂದ ಕಂಡಿತು. ಅದರ ತಳದಲ್ಲಿ ತೂತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮೊದಮೊದಲು ಗಿಡ ಉಬ್ಬಿತು. ಏಣುಗಳ ನಡುವಿನ ಗೆರೆಗಳೇ ಮಾಯವಾಗಿ ಮಿರಮಿರ ಮಿಂಚತೊಡಗಿತು. “ಹೆಂಗ ಮೈ ತುಂಬ್ಯದ ನೋಡ್ರಿ” ಎಂದು ನಾವು ಸಂತೋಷಪಟ್ಟೆವು. ಸ್ವಲ್ಪ ದಿನಕ್ಕೆ ಬುಡದ ಹಸಿರು ಹಳದಿಯಾಯಿತು. ಎಲೆ ಹಳದಿಯಾದರೆ ನೀರು ಸಾಲದೆಂದು ತಿಳಿಯುವ ಊರಿನಿಂದ ಬಂದವರು ನಾವು, ಇನ್ನಷ್ಟು ಹಾಕಿದೆವು. ಮಣ್ಣಿನ ಮೇಲೆ ಹಸಿರು ಪಾಚಿ ಬಂತು, ಗುಂಗಾಡಿನಂಥ ಸಣ್ಣ ನೊಣಗಳು ಎದ್ದವು. ಅಷ್ಟರಲ್ಲಿ ಮಳೆಗಾಲ ಹಿಡಿದುಕೊಂಡಿತು. ಪುಣೆಯ ಮಳೆ ಊರಿನ ಮಳೆಯಂತೆ ಸುರಿದು ಹೋಗುವುದಿಲ್ಲ. ವಾರಗಟ್ಟಲೆ ಜಿನುಗುತ್ತ, ಒಣಹಾಕಿದ ಬಟ್ಟೆಗೂ ವಾಸನೆ ಬರಿಸುತ್ತದೆ. ಗ್ಯಾಲರಿಯಲ್ಲಿ ಏನೋ ನಾರುತ್ತಿದೆ ಎನಿಸಿದಾಗ ನಾನು ಒದ್ದೆ ಬಟ್ಟೆಯ ಮೇಲೆ ತಪ್ಪು ಹೊರಿಸಿದೆ.

ಶ್ರಾವಣದ ಒಂದು ಭಾನುವಾರ, ವಂದನಾ ಬಂದಿದ್ದ ದಿನ, ಗಿಡ ಒಂದು ಪಕ್ಕಕ್ಕೆ ವಾಲಿತು. ಅಪ್ಪಾ ಎತ್ತಿ ನಿಲ್ಲಿಸಲು ಹೋದರು. ಅವರ ಹೆಬ್ಬೆರಳು ಮಾಗಿದ ಹಣ್ಣಿಗೆ ಇಳಿದಂತೆ ಬುಡದೊಳಕ್ಕೆ ಇಳಿಯಿತು. ಕಂದು ಬಣ್ಣದ ನೀರು ಅವರ ಮಣಿಕಟ್ಟಿನವರೆಗೆ ಹರಿಯಿತು.

ಅವರು ಕೈ ತೊಳೆಯಲೂ ಇಲ್ಲ. ಹಾಗೇ ತಿರುಗಿ ನಮ್ಮನ್ನು ನೋಡಿ, “ಯಾರು ನೀರು ಹಾಕ್ಯಾರ ಇದಕ್ಕ?” ಎಂದು ಗುಡುಗಿದರು. ಎಷ್ಟೋ ತಿಂಗಳ ಮೇಲೆ ಕೇಳಿದ ಗುಡುಗು.

“ನಾ ಮಧ್ಯಾಹ್ನ ಅರ್ಧಾ ಲೋಟ ಹಾಕೇನ್ರಿ ಅಪ್ಪಾ, ಅಷ್ಟಽ” ಎಂದೆ.

“ನಾನೂ ಬಂದಾಗ ಒಂದಿಷ್ಟು ಹಾಕತೀನಿ” ಎಂದಳು ವಂದನಾ. “ವಾರಕ್ಕೊಮ್ಮೆ ಅಲ್ಲೇನು?”

ಶ್ರೀಧರ ಗೋಡೆ ನೋಡುತ್ತ ನಿಂತಿದ್ದರು. “ರೀ, ನೀವು?” ಎಂದೆ. “ಬಾಟಲಿ ತುಂಬುವಾಗ ನಿನ್ನೀದು ಉಳಿದಿರತದ” ಎಂದರು ಸಣ್ಣ ಧ್ವನಿಯಲ್ಲಿ. “ಮುಂಜಾನೆ ಹೋಗೂ ಮುಂದ ಅವ್ವನ ಗಿಡಕ್ಕ ಹಾಕಿ ಹೋಗತೀನಿ.”

ಯಾರೂ ಅಪ್ಪನನ್ನು ಕೇಳಲಿಲ್ಲ. ಅವರ ಇನ್ನೊಂದು ಕೈಯಲ್ಲಿ ತಂಬಿಗೆ ಇತ್ತು. ಅವರೇ ಅದನ್ನು ನೋಡಿದರು. ನಿಧಾನವಾಗಿ ಕೆಳಗಿಟ್ಟು, “ಅಕಿ ಒಬ್ಬಾಕಿ ಎಲ್ಲಾರನ್ನೂ ತಡದಿದ್ಲು” ಎಂದರು. ಒಳಗೆ ಹೋಗಿ ತಮ್ಮ ಕೋಣೆಯ ಮಂಚದ ಮೇಲೆ ಕುಳಿತರು.

ಎದುರು ಮನೆಯ ಸುಲಭಾ ಕಾಕೂ ಗದ್ದಲ ಕೇಳಿ ಬಂದರು. ಗಿಡದ ಮೇಲೆ ಬಗ್ಗಿ ನೋಡಿ, “ಜಾಸ್ತ ಪಾಣೀ!” ಎಂದು ನಿಟ್ಟುಸಿರು ಬಿಟ್ಟರು. ನೀರು ಜಾಸ್ತಿ ಆಯಿತು ಎಂದು ಹೇಳುವ ಅಧಿಕಾರ ಈ ಕಟ್ಟಡದಲ್ಲಿ ಯಾರಿಗಾದರೂ ಇದ್ದರೆ ಅದು ಅವರಿಗೇ.

ವಂದನಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ವೈನಿ, ಇದು ಉಳಿಯೂದಿಲ್ಲ. ನರ್ಸರ್‍ಯಾಗ ಇಂಥಾದ್ದಽ ಸಿಗತದ. ನಾಳೆ ತಂದು ಇಟ್ಟುಬಿಡೂಣು. ಅಪ್ಪಾಗ ಗೊತ್ತಾಗಂಗಿಲ್ಲ.”

ಒಂದು ಕ್ಷಣ ನನಗೂ ಸರಿಯೆನಿಸಿತು. ಹೀರೇಕಾಯಿಗೂ ಹೀರೇಕಾಯಿಗೂ ಏನು ವ್ಯತ್ಯಾಸ? ಆದರೆ ದಿನಾ ಬೆಳಗ್ಗೆ ಅಪ್ಪಾ ಯಾವುದೋ ಪರಕೀಯ ಗಿಡಕ್ಕೆ ಆಲಮಟ್ಟಿಯ ಸುದ್ದಿ ಹೇಳುತ್ತಾರೆ, ನಾನು ಪರದೆಯ ಹಿಂದೆ ನಿಂತು ಕೇಳುತ್ತೇನೆ. ಅದು ನನ್ನಿಂದಾಗದ ಮಾತು. “ಬ್ಯಾಡ. ಅತ್ತಿ ಒಮ್ಮೆ ಇದನ್ನ ಉಳಿಸಿದ್ರು. ನಾ ನೋಡೇನಿ. ನಾ ಮಾಡತೀನಿ” ಎಂದೆ. ಹೇಳಿದ ಮೇಲೆ ಭಯವಾಯಿತು. ನೋಡುವುದಕ್ಕೂ ಮಾಡುವುದಕ್ಕೂ ಎಷ್ಟು ದೂರ ಎಂಬುದು ಮೊದಲ ಸಲ ಹೋಳಿಗೆ ಲಟ್ಟಿಸಿದ ಎಲ್ಲರಿಗೂ ಗೊತ್ತು.

ಗ್ಯಾಲರಿಯಲ್ಲಿ ಹಳೆಯ ಪೇಪರು ಹಾಸಿದೆವು. ಪಿಂಗಾಣಿ ಕುಂಡವನ್ನು ಬೋರಲು ಹಾಕಿದರೆ ಮಣ್ಣಿನ ಜೊತೆ ಕಪ್ಪು ನೀರು ಸುರಿಯಿತು. ಬೇರೆಂಬುದು ನೆನೆದ ಶಾವಿಗೆಯಂತೆ ಕೈಗೇ ಬಂತು. ಶ್ರೀಧರ ಪೇಪರನ್ನು ನಾಲ್ಕು ಮಡಿಕೆ ಮಾಡಿ ಗಿಡದ ಕುತ್ತಿಗೆಗೆ ಪಟ್ಟಿಯಂತೆ ಸುತ್ತಿ ಹಿಡಿದರು. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವರು ಇಲ್ಲಿ ಎರಡು ಸಲ ಮುಳ್ಳು ಚುಚ್ಚಿಸಿಕೊಂಡರು. ನಾನು ಚಾಕುವನ್ನು ಕುದಿವ ನೀರಿನಲ್ಲಿ ಅದ್ದಿ ಒರೆಸಿಕೊಂಡೆ. ಅಪ್ಪಾ ಬಂದು ಬಾಗಿಲಲ್ಲಿ ನಿಂತದ್ದು ಆಗ ಕಂಡಿತು.

ಬುಡ ಕತ್ತರಿಸಿದೆ. ಒಳಗೆಲ್ಲ ಕಂದು. ಚಾಕು ಒರೆಸಿ ಅದರ ಮೇಲೆ ಇನ್ನೊಂದು ಬಿಲ್ಲೆ ಕತ್ತರಿಸಿದೆ. ಸುತ್ತ ಹಸಿರು, ನಡುವಿನ ಉಂಗುರ ಕಂದು. ಆ ಉಂಗುರದಲ್ಲಿ ಒಂದೇ ಒಂದು ಚುಕ್ಕೆ ಉಳಿದರೂ ಕೊಳೆ ಮೇಲಕ್ಕೇರುತ್ತದೆ ಎಂದು ಅತ್ತೆ ಹೇಳಿದ್ದು ನೆನಪಿತ್ತು. ಇನ್ನೊಂದು ಬಿಲ್ಲೆ. ಮತ್ತೊಂದು. ಸಾಂಬಾರಿಗೆ ಮೂಲಂಗಿ ಹೆಚ್ಚಿದಂತೆ ಬಿಲ್ಲೆಗಳು ಪೇಪರಿನ ಮೇಲೆ ಬೀಳುತ್ತಿದ್ದವು, ಗಿಡ ಗಿಡ್ಡವಾಗುತ್ತಿತ್ತು. ಮೊಳದುದ್ದದ್ದು ಗೇಣಾಯಿತು. ಗೇಣಿಗಿಂತ ಕಡಿಮೆಯಾಯಿತು. ವಂದನಾ ಮುಖ ತಿರುಗಿಸಿದಳು.

“ಸಾಕು ವೀಣಾ” ಎಂದರು ಅಪ್ಪಾ. “ಸಾಕವಾ. ಬಿಡು ಅದನ್ನ.”

“ಇನ್ನೊಂದು ಸಲ ನೋಡತೀನ್ರಿ ಅಪ್ಪಾ.”

ಚಾಕು ಇಳಿಸಿದೆ. ಈ ಸಲ ಕತ್ತರಿಸುವಾಗಲೇ ಶಬ್ದ ಬೇರೆಯಿತ್ತು, ಎಳೆ ಸೌತೆಕಾಯಿ ಕತ್ತರಿಸಿದ ಹಾಗೆ. ತಿರುಗಿಸಿ ನೋಡಿದರೆ ಬಿಳಿಹಸಿರು ತಿರುಳು, ನಡುವೆ ಶುಭ್ರವಾದ ಉಂಗುರ, ಎಲ್ಲಿಯೂ ಒಂದು ಚುಕ್ಕೆಯಿಲ್ಲ. ಅಪ್ಪಾ ಕನ್ನಡಕ ತರಿಸಿಕೊಂಡು ನೋಡಿದರು. ಶ್ರೀಧರ ನೋಡಿದರು. ಸುಲಭಾ ಕಾಕೂ ನೋಡಿದರು. ಉಳಿದದ್ದು ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ತಲೆ ಅಷ್ಟೆ.

ಕತ್ತರಿಸಿದ ಬಾಯಿಗೆ ಅತ್ತೆ ಮಾಡಿದಂತೆ ಒಣ ಅರಿಸಿನ ಪುಡಿ ಉದುರಿಸಿ, ಅಡುಗೆಮನೆಯ ಕಪಾಟಿನ ಮೇಲೆ ಗಾಳಿಯಾಡುವ ನೆರಳಿನಲ್ಲಿ ಇಟ್ಟೆ. ಈಗ ಮಾಡಬೇಕಾದದ್ದು ಏನೂ ಮಾಡದಿರುವುದು. ಗಾಯದ ಮೇಲೆ ತೊಗಲು ಕಟ್ಟಿ ಕೈಗೆ ಗಟ್ಟಿಯಾಗಿ ಹತ್ತುವವರೆಗೆ ಮಣ್ಣು ತೋರಿಸುವಂತಿಲ್ಲ, ನೀರಿನ ಹೆಸರೆತ್ತುವಂತಿಲ್ಲ. ಅಡುಗೆಮನೆಯನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಮಳೆಗಾಲದಲ್ಲಿ ಒಲೆಯ ಬಿಸಿಗೆ ಒಣಗಿರುವ ಜಾಗ ಅದೊಂದೇ. ಎರಡನೆಯದು, ಅಲ್ಲಿ ದಿನವಿಡೀ ಪಹರೆಗೆ ನಾನಿರುತ್ತೇನೆ. ನನ್ನನ್ನು ಯಾರು ಪಹರೆ ಕಾಯಬೇಕು ಎಂಬ ಪ್ರಶ್ನೆಯನ್ನು ವಂದನಾ ಎತ್ತಿದಳು. ಆ ಕೆಲಸವನ್ನು ಅಪ್ಪಾ ಒಪ್ಪಿಕೊಂಡರು.

ಗಣೇಶ ಚೌತಿಯ ಗದ್ದಲವೆಲ್ಲ ಮುಗಿದ ಮೇಲೆ ತೂತಿದ್ದ ಮಣ್ಣಿನ ಕುಂಡದಲ್ಲಿ ಮರಳು, ಇಟ್ಟಿಗೆ ಚೂರು, ಒಂದಿಷ್ಟೇ ಮಣ್ಣು ಹಾಕಿ ತಲೆಯನ್ನು ಮೇಲೆ ಕೂರಿಸಿದೆವು. ಕುಂಡ ಅಡುಗೆಮನೆಯ ಕಿಟಕಿಯಲ್ಲಿ, ಬೆಳಗಿನ ಬಿಸಿಲಿಗೆ.

ಅಪ್ಪನಿಗೆ ಈಗ ಕಷ್ಟ ಬಂತು. ದಿನದ ರೂಢಿಯಂತೆ ಸ್ನಾನ ಮಾಡಿ, ತುಳಸಿಗೆ ನೀರು ಹಾಕಿ, ಪೇಪರು ಹಿಡಿದುಕೊಂಡು ಅಡುಗೆಮನೆಗೆ ಬರುತ್ತಿದ್ದರು. ತಂಬಿಗೆಯನ್ನು ಬಾಗಿಲಲ್ಲೇ ಕಸಿದುಕೊಳ್ಳುವುದು ನನ್ನ ಕೆಲಸ. ಕೈಯಲ್ಲಿ ತಂಬಿಗೆಯಿಲ್ಲದೆ, ಸೊಸೆಯ ಎದುರು, ಒಂದು ಗಿಡದ ಮುಂದೆ ನಿಂತು ಗಂಡಸು ಏನು ಮಾತಾಡಬೇಕು? ಮೊದಲ ಕೆಲವು ದಿನ ಕಿಟಕಿಯಾಚೆ ನೋಡಿ, ಗಂಟಲು ಸರಿಮಾಡಿಕೊಂಡು ಹೋಗಿಬಿಟ್ಟರು. ಆಮೇಲೊಂದು ದಿನ ಹಿಟ್ಟಿನ ಡಬ್ಬಿಯ ಪಕ್ಕದ ಸ್ಟೂಲ್ ಎಳೆದು ಕುಳಿತರು. ಕಳ್ಳಿಯ ಕಡೆ ಅರ್ಧ, ನನ್ನ ಕಡೆ ಅರ್ಧ ತಿರುಗಿ, “ಟೊಮ್ಯಾಟೊ ಏರ್ಯಾವಂತ” ಎಂದರು.

ಇದು ಯಾರಿಗೆ ಹೇಳಿದ್ದು ಎಂದು ನನಗೆ ಗೊತ್ತಾಗಲಿಲ್ಲ. ಕಳ್ಳಿ ಉತ್ತರ ಕೊಡುವ ಲಕ್ಷಣ ಕಾಣಲಿಲ್ಲ. ರೊಟ್ಟಿ ಬಡಿಯುತ್ತಲೇ, “ಹೌದ್ರಿ ಅಪ್ಪಾ? ಎಷ್ಟಾಗ್ಯಾವ?” ಎಂದೆ.

ಅವರು ಪೇಪರು ಬಿಡಿಸಿದರು.

ಅದಾದ ಮೇಲೆ ಸುದ್ದಿ ದಿನಾ ಬಂತು. ಪೇಪರಿನದು ಮುಗಿದರೆ ಅವರದೇ. ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಬಾರದೆ ಅಂಗಡಿಯಲ್ಲಿ ಕೊಬ್ಬರಿ ಕೇಳಲು ಹೋಗಿ ಫುಲ್‌ಕೋಬಿ ಎಂಬ ಹೂಕೋಸು ತಂದ ಅತ್ತೆಯ ಕಥೆ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಕಾತ್ರಜದ ಕಡೆ ಹೋಗಿ ಚೈನು ಕಡಿದು ನಡೆದು ಬಂದ ಕಥೆ. ಕೇಳಿದ್ದೂ ಇತ್ತು, ಕೇಳದ್ದೂ ಇತ್ತು. ಅತ್ತೆ ಇದ್ದಾಗ ಈ ಕಥೆಗಳನ್ನು ಅವರು ಪೂರಾ ಹೇಳಿದ್ದೇ ಇಲ್ಲ. ಹೇಳಲು ಹೊರಟರೆ ಅತ್ತೆ ನಡುವೆ ಬಾಯಿ ಹಾಕಿ ತಾವೇ ಮುಗಿಸಿಬಿಡುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಗಿಡವನ್ನು ಬೆರಳಿನಲ್ಲಿ ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಿದ್ದರು. “ಬೇರು ಬಿಟ್ಟದ್ರೀ!” ಎಂದು ನಾನು ಕೂಗಿದ್ದಕ್ಕೆ ಶ್ರೀಧರ ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಬಂದರು. ಮೊದಲ ನೀರು ಹಾಕುವ ದಿನ ವಂದನಾಳನ್ನೂ ಕರೆಸಿದೆವು. ಈಗ ಹೊಸ ತೊಂದರೆ: ನೀರು ಹಾಕಲು ಯಾರೂ ತಯಾರಿಲ್ಲ. ಅಪ್ಪಾ ನನ್ನ ಕಡೆ ನೋಡಿದರು, ನಾನು ಶ್ರೀಧರನ ಕಡೆ, ಅವರು ತಂಗಿಯ ಕಡೆ. “ನೀವಽ ಹಾಕ್ರಿ ಅಪ್ಪಾ” ಎಂದು ನಾವೆಲ್ಲ ಒತ್ತಾಯ ಮಾಡಿದ ಮೇಲೆ ಅಪ್ಪಾ ದೇವರ ಮನೆಗೆ ಹೋಗಿ ತೀರ್ಥದ ಚಮಚ ತಂದರು. ಕುಂಡದ ಅಂಚಿಗೆ ಸುತ್ತಲೂ ಒಂದೊಂದೇ ಚಮಚ ಬಿಟ್ಟರು. ನೀರು ಮರಳಿನಲ್ಲಿ ಇಂಗುವುದನ್ನು ಐದು ಜನ ಬಗ್ಗಿ ನೋಡಿದೆವು, ಐದನೆಯವರು ಸುಲಭಾ ಕಾಕೂ. ಅಪ್ಪನ ಕೈ ಇನ್ನೊಂದು ಚಮಚಕ್ಕೆಂದು ಏಳುವಷ್ಟರಲ್ಲಿ ಅವರೇ ತಡೆದುಕೊಂಡರು.

ಚಳಿಗಾಲ ಬಂತು, ಗಿಡದ ಉಪವಾಸ ಶುರುವಾಯಿತು. ಅತ್ತೆಯ ವರ್ಷದ ಶ್ರಾದ್ಧವೂ ಆಯಿತು. ಬಿಸಿಲು ಬಲಿಯುತ್ತಿದ್ದಂತೆ ಗಿಡದ ನೆತ್ತಿಯಲ್ಲಿ ಎಳೆ ಮುಳ್ಳುಗಳು ಹೊಂಬಣ್ಣದಲ್ಲಿ ಮೂಡಿದವು. ಹೂ ಈ ವರ್ಷ ಬಾರದು, ಬರುವ ವರ್ಷವೂ ಅನುಮಾನ. ಆದರೆ ಅದಕ್ಕೆ ಇನ್ನು ಅಡುಗೆಮನೆಯ ಕಿಟಕಿಯ ಬಿಸಿಲು ಸಾಲದು. ಮೊದಲಿನ ಜಾಗಕ್ಕೆ ಒಯ್ಯಬೇಕು.

ಹೇಳಬೇಕೆಂದರೆ, ಒಯ್ಯಲು ನನಗೆ ಮನಸ್ಸಿರಲಿಲ್ಲ. ಬಿಸಿಲು ಇನ್ನೂ ಎಳೆಯದಿದೆ, ಯುಗಾದಿ ಆಗಲಿ ಎಂದು ಸುಮ್ಮನೆ ಮುಂದೂಡಿದೆ. ಗಿಡದ ಮೇಲಿನ ಆಸೆಯಿಂದಲ್ಲ. ಗಿಡ ಎಲ್ಲಿಗೆ ಹೋದರೆ ಅಪ್ಪಾ ಅಲ್ಲಿಗೆ ಹೋಗುತ್ತಾರೆ, ಸುದ್ದಿಯೂ ಅವರ ಹಿಂದೆ ಹೋಗುತ್ತದೆ. ಬೆಳಗಿನ ಹೊತ್ತು ಬರೀ ಕುಕ್ಕರಿನ ಸೀಟಿ ಕೇಳುತ್ತ ನಿಲ್ಲುವುದು ನನಗೆ ಇನ್ನು ಆಗುವುದಿಲ್ಲ ಎಂದು ಆಗ ತಿಳಿಯಿತು. ಕೊನೆಗೂ ಒಂದು ಭಾನುವಾರ ಶ್ರೀಧರ ಕುಂಡವನ್ನು ಎತ್ತಿ ಗ್ಯಾಲರಿಯ ಮೂಲೆಯಲ್ಲಿಟ್ಟರು. ಕಿಟಕಿ ಖಾಲಿಯಾಯಿತು.

ಮರುದಿನ ಬೆಳಗ್ಗೆ ನಾನು ಚಹಾಕ್ಕೆ ಇಟ್ಟು ಕಿವಿಗೊಟ್ಟು ನಿಂತೆ. ಬಚ್ಚಲಿನ ಬಾಗಿಲ ಸದ್ದಾಯಿತು. ಅಪ್ಪನ ಹೆಜ್ಜೆ ಗ್ಯಾಲರಿಯ ಕಡೆ ಹೋಯಿತು. ತುಳಸಿಗೆ ನೀರು ಬಿದ್ದ ಸದ್ದು. ಚಹಾ ಉಕ್ಕುವುದರಲ್ಲಿತ್ತು, ಉರಿ ಸಣ್ಣದು ಮಾಡಿ, ಪಕ್ಕದ ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ಇಟ್ಟೆ.

ತಿರುಗಿದರೆ ಅಪ್ಪಾ ಅಡುಗೆಮನೆಯ ಬಾಗಿಲಲ್ಲಿದ್ದರು. ಸ್ಟೂಲ್ ಎಳೆದು ಕುಳಿತು, ಕನ್ನಡಕ ಏರಿಸಿ, ಮೊದಲ ಪುಟ ಬಿಡಿಸಿದರು.

“ಅಲ್ಲಿ ಎಲ್ಲಾ ಬರೋಬರಿ ಅದ, ನೋಡಿ ಬಂದೆ” ಎಂದರು. “ಇವತ್ತ ಸುದ್ದಿ ಭಾಳ ಅವ ವೀಣಾ. ನಿನ್ನ ಒಗ್ಗರಣಿ ಮುಗೀಲಿ, ಸಾವಕಾಶ ಹೇಳತೀನಿ.”

ನಾನು ಒಗ್ಗರಣೆಯನ್ನು ಆಮೇಲೆ ಹಾಕಿದರಾಯಿತೆಂದು ಒಲೆ ಆರಿಸಿದೆ.